ಕಾಯಿಲೆ ಯಾರ ಸಾಲ?

ಆವರಗೆರೆಯ ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕಿದೆ. ಅದರೊಳಗೆ ಅವ್ವ ಎರಡು ಕಾರ್ಡುಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಾಳೆ. ಒಂದು ಅಪ್ಪನ ಇಎಸ್‌ಐ ಕಾರ್ಡು, ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿರುವ ಹಳೇ ಕಾಗದ. ಇನ್ನೊಂದು ಈಚಿನದು, ಮಿರಿಮಿರಿ ಮಿಂಚುವಂಥದು. ಅಪ್ಪ ಬದುಕಿದ್ದಾಗ ಅದರ ಹೆಸರು ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’. ಆಮೇಲೆ ಪ್ರಧಾನಮಂತ್ರಿಗಳೂ ಮುಖ್ಯಮಂತ್ರಿಗಳೂ ಇಬ್ಬರೂ ಆ ಹೆಸರಿನೊಳಗೆ ಬಂದು ಕೂತರು. ಈಗ ಅದನ್ನು ಒಂದೇ ಉಸಿರಿಗೆ ಹೇಳಲು ಗಟ್ಟಿ ಎದೆ ಇರಬೇಕು. ಅಪ್ಪನಿಂದ ಆಗುತ್ತಿರಲಿಲ್ಲ. ಅಷ್ಟು ಉಸಿರು ಅವನಿಗೆ ಉಳಿದಿರಲಿಲ್ಲ.

ಹಳೇ ಕಾರ್ಡು ಸತ್ತು ಎಷ್ಟೋ ವರ್ಷವಾಯಿತು, ಬಿಸಾಡವ್ವ ಅಂದರೆ ಅವ್ವ ಬಿಸಾಡುವುದಿಲ್ಲ. “ಅದು ನಿಮ್ಮಪ್ಪ ದುಡಿದದ್ದು. ಇದು ಅವರು ಕೊಟ್ಟದ್ದು” ಅನ್ನುತ್ತಾಳೆ. ಓದು ಬಾರದ ಅವ್ವನ ಈ ಎರಡು ಮಾತು ನನ್ನ ತಲೆಯೊಳಗೆ ಬಹಳ ದಿನದಿಂದ ಕೂತಿವೆ. ದುಡಿದದ್ದು, ಕೊಟ್ಟದ್ದು. ಇವೆರಡರ ನಡುವೆ ನಮ್ಮ ದೇಶದ ನಲವತ್ತು ವರ್ಷದ ಕಥೆ ಇದೆ ಎಂದು ನನಗನ್ನಿಸುತ್ತದೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಪಾಠದಲ್ಲಿ ಓದಿದವರು ನಾವು. ಮ್ಯಾಂಚೆಸ್ಟರ್ ಹೇಗಿರುತ್ತದೋ ನಮಗೆ ಗೊತ್ತಿರಲಿಲ್ಲ. ಮಿಲ್ಲಿನ ಕೂಗು ಗೊತ್ತಿತ್ತು, ಪಾಳಿ ಗೊತ್ತಿತ್ತು, ತಲೆಗೂದಲ ಮೇಲೆ ಬಿಳೀ ಅರಳೆ ಹೊತ್ತು ಮನೆಗೆ ಬರುವ ಅಪ್ಪಂದಿರು ಗೊತ್ತಿದ್ದರು. ಕಾಮ್ರೇಡ್ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು ಇದು. ಕೆಂಪು ಬಾವುಟ ನಮ್ಮ ಓಣಿಗೆ ಹೊಸದೇನಲ್ಲ. ಅಪ್ಪ ಇದ್ದದ್ದು ಬ್ಲೋ ರೂಮಿನಲ್ಲಿ. ಹತ್ತಿಯ ಅಂಡಿಗೆ ಬಿಚ್ಚಿ, ಬಡಿದು, ಕಸ ತೆಗೆಯುವ ಜಾಗ. ಮಗ್ಗದ ಕೆಲಸಕ್ಕೆ ನಮ್ಮ ಕೇರಿಯವರು ಹೋದದ್ದು ಕಡಿಮೆ. ಬೊಂಬಾಯಿಯ ಗಿರಣಿಗಳಲ್ಲಿ ಕಡಿದ ನೂಲನ್ನು ಬಾಯಿ ತಾಗಿಸಿ ಸೇರಿಸಬೇಕಾದ್ದರಿಂದ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ ಎಂಬುದನ್ನು ಬಾಬಾಸಾಹೇಬರು ಎತ್ತಿ ಆಡಿದ್ದರು. ಧೂಳಿನ ಕೆಲಸ ಮಾತ್ರ ಎಲ್ಲ ಕಾಲಕ್ಕೂ ನಮಗೆ ಮೀಸಲು. ಅದಕ್ಕೆ ಯಾವ ರೋಸ್ಟರೂ ಬೇಕಾಗಿಲ್ಲ.

“ಸೋಮಾರ ಬಂತಂದ್ರ ಎದಿ ಮ್ಯಾಲೆ ಒಳ್ಳುಕಲ್ಲು ಇಟ್ಟಂಗ ಆಕ್ಕತಿ” ಎಂದು ಅಪ್ಪ ಹೇಳುತ್ತಿದ್ದ. ಅದನ್ನು ನಾವು ಸೋಮಾರಿತನ ಎಂದು ತಮಾಷೆ ಮಾಡುತ್ತಿದ್ದೆವು. ಹತ್ತಿ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ ಬಿಸಿನೋಸಿಸ್ ಎನ್ನುತ್ತಾರೆ, ಒಂದು ದಿನದ ರಜೆ ಮುಗಿಸಿ ಮತ್ತೆ ಧೂಳಿಗೆ ಹೋದ ದಿನವೇ ಎದೆ ಬಿಗಿಯುವುದು ಅದರ ಮೊದಲ ಗುರುತು ಎಂದು ನಾನು ಓದಿ ತಿಳಿದದ್ದು ಬಹಳ ತಡವಾಗಿ. 1948ರ ಇಎಸ್‌ಐ ಕಾಯ್ದೆಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಅಂದರೆ, ಈ ರೋಗ ಕೆಲಸದಿಂದ ಬಂದದ್ದು ಎಂದು ಕಾನೂನು ಒಪ್ಪಿತ್ತು.

ಗೆಳೆಯರೇ, ಈ ಒಪ್ಪಿಗೆ ಸಣ್ಣದಲ್ಲ. ಅದರ ಹಿಂದೆ ಯಾರಿದ್ದರು ಎಂಬುದನ್ನು ನಮ್ಮ ಸಭೆಗಳಲ್ಲೂ ನಾವು ಸಾಕಷ್ಟು ಹೇಳುವುದಿಲ್ಲ. ಅಂಬೇಡ್ಕರ್ ಅಂದರೆ ಸಂವಿಧಾನ, ಮೀಸಲಾತಿ, ಬೌದ್ಧ ದೀಕ್ಷೆ. ಆದರೆ 1942ರಿಂದ 1946ರವರೆಗೆ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದವರು. ಅವರ ಖಾತೆಯ ಕಾಲದಲ್ಲೇ, 1943ರಲ್ಲಿ, ಪ್ರೊ. ಬಿ. ಪಿ. ಆಡಾರ್ಕರ್ ಅವರಿಗೆ ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಮಾಡಲು ಹೇಳಲಾಯಿತು, 1944ರಲ್ಲಿ ವರದಿ ಬಂತು, 1948ರಲ್ಲಿ ಕಾಯ್ದೆಯಾಯಿತು, 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂತು. ಆ ಯೋಜನೆಯ ಲೆಕ್ಕದ ಪುಸ್ತಕದಲ್ಲಿ ಮೂರು ಹೆಸರಿದ್ದವು: ಕೆಲಸಗಾರ, ಮಾಲೀಕ, ಸರ್ಕಾರ. ಕೆಲಸಗಾರ ತನ್ನ ಸಂಬಳದಲ್ಲಿ ಒಂದು ಚೂರು ಕೊಡುತ್ತಾನೆ, ಮಾಲೀಕ ಅದಕ್ಕಿಂತ ದೊಡ್ಡ ಪಾಲು ಕೊಡಬೇಕು, ಚಿಕಿತ್ಸೆಯ ಖರ್ಚಿನಲ್ಲಿ ಎಂಟರಲ್ಲೊಂದು ಪಾಲು ರಾಜ್ಯ ಸರ್ಕಾರದ್ದು. ಕಾಯಿಲೆ ಬಿದ್ದಾಗ ಔಷಧಿ ಮಾತ್ರವಲ್ಲ, ಕಳೆದ ಕೂಲಿಗೂ ಸ್ವಲ್ಪ ದುಡ್ಡು. ಇದರಲ್ಲಿ ದಯೆಯ ಮಾತಿಲ್ಲ. ನಿನ್ನ ಯಂತ್ರಕ್ಕೆ ಎಣ್ಣೆ ಬಿಡುವುದು ಹೇಗೆ ನಿನ್ನ ಖರ್ಚೋ, ಯಂತ್ರದ ಮುಂದೆ ನಿಂತವನ ಎದೆಯೂ ನಿನ್ನ ಖರ್ಚೇ ಎಂದು ಮಾಲೀಕನಿಗೆ ಹೇಳಿದ್ದು ಅದು.

ಇಎಸ್‌ಐ ಸ್ವರ್ಗವಾಗಿತ್ತು ಅಂತ ನಾನು ಹೇಳಹೊರಟಿಲ್ಲ. ಸಾಲು ಉದ್ದ ಇರುತ್ತಿತ್ತು. ತಲೆ ಎತ್ತದೆ ಚೀಟಿ ಬರೆಯುವ ಡಾಕ್ಟರು, ಎಲ್ಲ ರೋಗಕ್ಕೂ ಅದೇ ಕೆಂಪು ಔಷಧಿ, ಸಹಿಗಾಗಿ ಮೂರು ಸಲ ಅಲೆದಾಟ. ಅದಕ್ಕಿಂತ ದೊಡ್ಡ ದೋಷ ಬೇರೆ. ಆ ಲೆಕ್ಕದ ಪುಸ್ತಕದೊಳಗೆ ಕಾರ್ಖಾನೆಯ ಗೇಟು ದಾಟಿದವನಿಗಷ್ಟೇ ಜಾಗ. ಹೊಲದಲ್ಲಿ ಕಳೆ ತೆಗೆಯುವವಳು, ಮನೆಯಲ್ಲಿ ಕೂತು ಬೀಡಿ ಕಟ್ಟುವವಳು, ಚರಂಡಿಗೆ ಇಳಿಯುವವನು, ನಮ್ಮ ಅವ್ವನ ಹಾಗೆ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತವರು ಹೊರಗೇ ಉಳಿದರು. ಹೊರಗುಳಿದವರು ಯಾವ ಜಾತಿಯವರು ಎಂದು ಬಿಡಿಸಿ ಹೇಳಬೇಕೇ? ಬಾಬಾಸಾಹೇಬರು 1947ರಲ್ಲಿ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ವಿಮೆ ಎಂಬುದು ಪ್ರಭುತ್ವದ ಏಕಸ್ವಾಮ್ಯವಾಗಬೇಕು, ದುಡಿಯುವ ಪ್ರತಿಯೊಬ್ಬ ವಯಸ್ಕನಿಗೂ ಜೀವವಿಮೆ ಕಡ್ಡಾಯವಾಗಬೇಕು ಎಂದು ಬರೆದರು. ದೇಶ ಅದನ್ನು ಓದಿ ಮಡಚಿಟ್ಟಿತು.

ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಆಚೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಮುಚ್ಚಿತು. ಅಪ್ಪನ ಮಿಲ್ಲಿಗೂ ಬೀಗ ಬಿತ್ತು. ವಂತಿಗೆ ನಿಂತಿತು, ವಂತಿಗೆ ನಿಂತ ಮೇಲೆ ಕೆಲವು ತಿಂಗಳಿಗೆ ಕಾರ್ಡೂ ನಿಂತಿತು. ಎದೆಯೊಳಗೆ ಹೋಗಿದ್ದ ಧೂಳಿಗೆ ಮಾತ್ರ ಮಿಲ್ಲು ಮುಚ್ಚಿದ ಸುದ್ದಿ ಮುಟ್ಟಲಿಲ್ಲ. ಅದು ತನ್ನ ಪಾಳಿ ಮಾಡುತ್ತಲೇ ಇತ್ತು, ಇಪ್ಪತ್ತೈದು ವರ್ಷ.

ಆ ವರ್ಷಗಳಲ್ಲಿ ನಮ್ಮ ಮನೆಯೊಳಗೆ ಎರಡು ಬಗೆಯ ಮಾತು ಕೇಳಿದ್ದೇನೆ. ಅಜ್ಜಿ ಹೇಳುತ್ತಿದ್ದಳು: “ಪಡಕಂಡು ಬಂದದ್ದು ಉಣ್ಣಬೇಕಪ್ಪ.” ಹೋದ ಜನ್ಮದ ಸಾಲ, ಈ ಜನ್ಮದ ಕೆಮ್ಮು. ಇದು ನಮಗೆ ಎರಡು ಸಾವಿರ ವರ್ಷದಿಂದ ಹೇಳಿಕೊಟ್ಟ ಪಾಠ. ಹೇಳಿಕೊಟ್ಟವರಿಗೆ ಧೂಳು ತಿನ್ನುವ ಕೆಲಸ ಇರಲಿಲ್ಲ. ಇನ್ನೊಂದು ಮಾತು ಪೇಟೆಯ ಒಂದು ಆಸ್ಪತ್ರೆಯ ಬಿಲ್ಲು ಕಟ್ಟುವ ಕಿಂಡಿಯಲ್ಲಿ ಕೇಳಿದ್ದು. ಕಿಂಡಿಯೊಳಗಿನ ಹುಡುಗ ಒಳ್ಳೆಯವನೇ, ಬೈಯಲಿಲ್ಲ. “ಮೊದಲೇ ಒಂದು ಇನ್ಶೂರೆನ್ಸ್ ಮಾಡಿಸಿ ಇಟ್ಟಿರಬೇಕಲ್ಲ ಅಣ್ಣ” ಅಂದ. ನಾನು ದುಡ್ಡು ಎಣಿಸುತ್ತ ನಿಂತಿದ್ದೆ. ಹೊರಗೆ ಬಂದ ಮೇಲೆ ಹೊಳೆಯಿತು: ಅಜ್ಜಿ ಹೇಳಿದ್ದನ್ನೇ ಈ ಹುಡುಗನೂ ಹೇಳಿದ. ಅಜ್ಜಿಯ ಪ್ರಕಾರ ಅಪ್ಪ ಹೋದ ಜನ್ಮದಲ್ಲಿ ಪುಣ್ಯ ಕಟ್ಟಿರಲಿಲ್ಲ, ಹುಡುಗನ ಪ್ರಕಾರ ಈ ಜನ್ಮದಲ್ಲಿ ಪ್ರೀಮಿಯಂ ಕಟ್ಟಿರಲಿಲ್ಲ. ಎರಡರಲ್ಲೂ ಸಾಲಗಾರ ಒಬ್ಬನೇ, ಕೆಮ್ಮುತ್ತ ಬೆಂಚಿನ ಮೇಲೆ ಕೂತವನು. ಪುರೋಹಿತಶಾಹಿಗೂ ಮಾರುಕಟ್ಟೆಗೂ ಜಗಳ ಇದೆ ಎಂದು ನಂಬಿರುವ ಗೆಳೆಯರು ಇದನ್ನು ಸ್ವಲ್ಪ ಯೋಚಿಸಬೇಕು. ಕರ್ಮಸಿದ್ಧಾಂತ ರಸೀದಿ ಕೊಡುವುದಿಲ್ಲ, ಮಾರುಕಟ್ಟೆ ಕೊಡುತ್ತದೆ. ಅಷ್ಟೇ ವ್ಯತ್ಯಾಸ.

ಸ್ವಾತಂತ್ರ್ಯ ಬರುವ ಹೊತ್ತಿಗೆ ಹೀಗಿರಲಿಲ್ಲ, ಕಡೇಪಕ್ಷ ಕಾಗದದ ಮೇಲೆ. 1946ರ ಭೋರ್ ಸಮಿತಿಯ ವರದಿಯ ಮೂಲ ಮಾತೇ, ದುಡ್ಡು ಕೊಡಲಾರದವನು ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆ ಆಲೋಚನೆಯ ಮಕ್ಕಳು. 1978ರಲ್ಲಿ ಆಲ್ಮಾ ಆಟಾದಲ್ಲಿ ಜಗತ್ತಿನ ಸರ್ಕಾರಗಳೆಲ್ಲ ಸೇರಿ 2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಎಂದು ಸಾರಿದವು. ಆಮೇಲೆ 1991 ಬಂತು. 1993ರಲ್ಲಿ ವಿಶ್ವಬ್ಯಾಂಕು ಆರೋಗ್ಯವನ್ನು ‘ಹೂಡಿಕೆ’ ಎಂದು ಕರೆದು ಒಂದು ದೊಡ್ಡ ವರದಿ ತಂದಿತು. 1996ರಲ್ಲಿ ಅದೇ ಬ್ಯಾಂಕಿನ ಸಾಲ ಕರ್ನಾಟಕದ ಆಸ್ಪತ್ರೆಗಳ ಅಭಿವೃದ್ಧಿಗೆ ಬಂತು. ಗೋಡೆಗೆ ಸುಣ್ಣ ಬಂತು, ಹೊಸ ಕಟ್ಟಡ ಬಂತು, ಸರ್ಕಾರಿ ಆಸ್ಪತ್ರೆಯಲ್ಲಿ ಬಳಕೆದಾರರ ಶುಲ್ಕವೂ ಬಂತು. ಬಡವರಿಗೆ ವಿನಾಯಿತಿ ಎಂದರು. ವಿನಾಯಿತಿ ಬೇಕಾದವನು ಬಡವನೆಂದು ಸಾಬೀತು ಮಾಡಬೇಕು. ‘ರೋಗಿ’ ಎಂಬ ಒಂದೇ ಗುರುತು ಸಾಕಾಗಿದ್ದ ಬಾಗಿಲಲ್ಲಿ ‘ಬಡವ’ ಎಂಬ ಎರಡನೇ ಗುರುತು ಕೇಳತೊಡಗಿದ್ದು ಹೀಗೆ. ನಮ್ಮವರಿಗೆ ಮೂರನೇ ಗುರುತೂ ಉಂಟು, ಅದನ್ನು ಯಾರೂ ಕೇಳುವುದಿಲ್ಲ, ಹೇಗೋ ಕಂಡುಹಿಡಿಯುತ್ತಾರೆ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಬರಿಗಾಲ ವೈದ್ಯರ ಚೀನಾದ ಬಗ್ಗೆ ನಮ್ಮ ಹಿರಿಯರು ಕಣ್ಣರಳಿಸಿ ಮಾತಾಡುತ್ತಿದ್ದರು. ಹಳ್ಳಿಯ ಕಮ್ಯೂನಿನ ದುಡ್ಡಿನಿಂದ ನಡೆಯುತ್ತಿದ್ದ ಸಹಕಾರಿ ವೈದ್ಯಕೀಯ ವ್ಯವಸ್ಥೆ 1970ರ ದಶಕದ ಕೊನೆಗೆ ಅಲ್ಲಿನ ಹತ್ತರಲ್ಲಿ ಒಂಬತ್ತು ಹಳ್ಳಿಗಳನ್ನು ಮುಟ್ಟಿತ್ತು. ಕಮ್ಯೂನುಗಳನ್ನು ಬಿಚ್ಚಿ ಮಾರುಕಟ್ಟೆಗೆ ಬಾಗಿಲು ತೆಗೆದರು. 1980ರ ದಶಕದ ನಡುವಿಗೆ ಬರುವಷ್ಟರಲ್ಲಿ ಅದು ನೂರಕ್ಕೆ ಐದರ ಆಸುಪಾಸಿಗೆ ಕುಸಿಯಿತು. ಯಾರೂ ಆಸ್ಪತ್ರೆಗಳನ್ನು ಮುಚ್ಚಿ ಎಂದು ಆಜ್ಞೆ ಮಾಡಲಿಲ್ಲ. ಎಲ್ಲರ ದುಡ್ಡು ಸೇರುತ್ತಿದ್ದ ಗಡಿಗೆ ಒಡೆಯಿತು, ನೀರು ತಾನಾಗಿ ಹರಿದುಹೋಯಿತು. 2003ರಲ್ಲಿ ಅವರು ಮತ್ತೆ ಗಡಿಗೆ ಮಾಡಲು ಕೂರಬೇಕಾಯಿತು.

ಅದೇ 2003ರಲ್ಲಿ ನಮ್ಮಲ್ಲಿ ಯಶಸ್ವಿನಿ ಬಂತು. ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ದೊಡ್ಡ ಶಸ್ತ್ರಚಿಕಿತ್ಸೆ. ಜಗತ್ತೆಲ್ಲ ಹೊಗಳಿತು. ಹೊಗಳಿಕೆ ಸುಳ್ಳಲ್ಲ, ಎಷ್ಟೋ ರೈತ ಮನೆಗಳು ಉಳಿದವು. ಆದರೆ ಅದಕ್ಕೆ ಸೇರಬೇಕಾದರೆ ಸಹಕಾರ ಸಂಘದ ಸದಸ್ಯನಾಗಿರಬೇಕು. ಸಂಘದ ಸದಸ್ಯನಾಗಬೇಕಾದರೆ ಹೊಲ ಇರಬೇಕು, ಇಲ್ಲ ಡೇರಿಗೆ ಹಾಲು ಹಾಕಲು ಎಮ್ಮೆ ಇರಬೇಕು. ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವವನಿಗೆ ಸಿಕ್ಕಿತು, ಅದೇ ಗದ್ದೆಯಲ್ಲಿ ನಾಟಿ ಹಾಕಿದವಳಿಗೆ ಸಿಗಲಿಲ್ಲ. 2022ರಲ್ಲಿ ಮತ್ತೆ ಸುರು ಮಾಡಿದಾಗ ಪರಿಶಿಷ್ಟರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ ಅಂದರು. ಒಳ್ಳೆಯದು. ಆದರೆ ಆಗಲೂ ಮೊದಲು ಸಂಘದ ಬಾಗಿಲು ದಾಟಬೇಕು. ಹಳ್ಳಿಯ ಸೊಸೈಟಿಯ ಕಟ್ಟೆ ಯಾರದು ಅಂತ ಹಳ್ಳಿ ಮೇಷ್ಟ್ರುಗಳಿಗೆ ನಾನು ಹೇಳಬೇಕಾಗಿಲ್ಲ.

2010ರಲ್ಲಿ ಗುಲ್ಬರ್ಗಾ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯ ವಿಷಯದಲ್ಲಿ ನಾನು ಒಂದು ಸತ್ಯ ಒಪ್ಪಿಕೊಳ್ಳಬೇಕು. ಹೃದಯ, ಕ್ಯಾನ್ಸರಿನಂಥ ಕಾಯಿಲೆಗಳಿಗೆ ಬಡವರು ದುಡ್ಡು ಕೊಡದೆ ದೊಡ್ಡ ಆಸ್ಪತ್ರೆಗೆ ಹೋಗುವಂತಾದ ಮೇಲೆ ಆ ಕಾಯಿಲೆಗಳಿಂದ ಬಡವರು ಸಾಯುವುದು ಕಡಿಮೆಯಾಯಿತು ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ತೋರಿಸಿತು. ಉಳಿದ ಜೀವಗಳು ಅವು. ಸಿದ್ಧಾಂತದ ಹೆಸರಲ್ಲಿ ಅವನ್ನು ಲೆಕ್ಕದಿಂದ ಹೊಡೆದುಹಾಕುವವನು ನಮ್ಮವನಲ್ಲ. ಹಾಗಾದರೆ ನನ್ನ ತಕರಾರು ಏನು? ಹೇಳುತ್ತೇನೆ.

ನನ್ನ ದೊಡ್ಡವ್ವ ಜಗಳೂರು ಕಡೆ ಹಳ್ಳಿಯವಳು, ಕೂಲಿ ಮಾಡುವವಳು. ಹೊಟ್ಟೆನೋವು ಅಂತ ಆರು ತಿಂಗಳು ನರಳಿದಳು. ಮೊದಲು ಹಳ್ಳಿಯ ಸೂಜಿ ಡಾಕ್ಟರು, ಆಮೇಲೆ ತಾಲ್ಲೂಕು, ಆಮೇಲೆ ದಾವಣಗೆರೆ. ಸ್ಕ್ಯಾನು ಹೊರಗೆ, ರಕ್ತಪರೀಕ್ಷೆ ಹೊರಗೆ, ಮಾತ್ರೆ ಹೊರಗೆ ಬರೆದುಕೊಟ್ಟರು. ಒಳಗೆ ಹಾಕಿಕೊಂಡ ಮೇಲಷ್ಟೇ ಕಾರ್ಡು. ಒಳಗೆ ಹಾಕಿಕೊಳ್ಳುವ ತನಕ ನಾವು. ಕೊನೆಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾದಾಗ ರೆಫರಲ್ ಚೀಟಿ ತರ್ರಿ ಅಂದರು. ಚೀಟಿ ತಂದರೆ ರೇಷನ್ ಕಾರ್ಡಿನ ಹೆಸರಿಗೂ ಆಧಾರದ ಹೆಸರಿಗೂ ಒಂದು ಅಕ್ಷರ ಹೊಂದಲಿಲ್ಲ. ದೊಡ್ಡವ್ವ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು, ನಾನು ಅವಳ ಹೆಸರಿನ ಕೊಂಬು ಸರಿಮಾಡಿಸಲು ಎರಡು ದಿನ ಓಡಿದೆ. ಆಪರೇಷನ್ನಿಗೆ ಒಂದು ಪೈಸೆ ತಗೊಳ್ಳಲಿಲ್ಲ, ಅದನ್ನು ಸತ್ಯವಾಗಿ ಹೇಳಬೇಕು. ಆದರೆ ಅದರ ಹಿಂದೆ ಮುಂದೆ 23 ಸಾವಿರ ಹೋಯಿತು. ಎರಡು ಆಡು ಮಾರಿದರು. ಉಳಿದದ್ದಕ್ಕೆ ವಾರದ ಸಂಘದ ಸಾಲ. ಅವಳ ಮಗ ಹದಿನೆಂಟು ದಿನ ಕೂಲಿ ಬಿಟ್ಟು ಆಸ್ಪತ್ರೆಯ ವರಾಂಡದಲ್ಲಿ ಮಲಗಿದ.

ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಎಂದು ಕಾರ್ಡು ಹೇಳುತ್ತದೆ. ಎದೆ ಸೀಳಿ ಹೃದಯ ರಿಪೇರಿ ಮಾಡಲು 5 ಲಕ್ಷ ಇದೆ. ತಿಂಗಳ ತಿಂಗಳ ಬಿಪಿ ಮಾತ್ರೆಗೆ, ಮಗುವಿನ ಜ್ವರಕ್ಕೆ, ಬಸ್ ಚಾರ್ಜಿಗೆ ಆ ಕಾರ್ಡಿನಲ್ಲಿ 300 ರೂಪಾಯಿ ಇಲ್ಲ. ಬಡವರ ಮನೆ ಮುಳುಗುವುದು ಹೆಚ್ಚಾಗಿ ಈ 300 ರೂಪಾಯಿಗಳಲ್ಲಿ. ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರವೇ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ 39.4 ಜನರ ಜೇಬಿನಿಂದ ನೇರ ಹೋದದ್ದು. ಸರ್ಕಾರಗಳು ಮಾಡಿದ ಖರ್ಚು ರಾಷ್ಟ್ರೀಯ ಉತ್ಪನ್ನದ ನೂರಕ್ಕೆ 1.84. ಇದನ್ನು 2025ರೊಳಗೆ 2.5ಕ್ಕೆ ಏರಿಸುತ್ತೇವೆ ಎಂದು 2017ರ ಆರೋಗ್ಯ ನೀತಿ ಬರೆದಿತ್ತು.

ಹೊಸ ಕಾರ್ಡು ಮಾಡಿಸಿ ತಂದ ದಿನ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಐದು ಲಕ್ಷದ ತನಕ ಸರ್ಕಾರ ಕೊಡುತ್ತದೆ ಎಂದು ವಿವರಿಸಿದೆ. ಅವನು ಕಾರ್ಡನ್ನು ತಿರುವಿ ಮುರುವಿ ನೋಡಿ, ಉಸಿರು ಎಳೆದುಕೊಂಡು ಕೇಳಿದ: “ಇದ್ರಾಗ ಧಣೇರ್ ಪಾಲು ಎಷ್ಟೈತಿ?”

ಏನೂ ಇಲ್ಲಪ್ಪ ಅಂದೆ. ಅವನು ಕಾರ್ಡು ವಾಪಸು ಕೊಟ್ಟ.

ನನ್ನ ತಕರಾರು ಅದೇ. ಹೊಸ ಲೆಕ್ಕದ ಪುಸ್ತಕದಲ್ಲಿ ರೋಗಿ ಇದ್ದಾನೆ, ಸರ್ಕಾರ ಇದೆ, ಆಸ್ಪತ್ರೆ ಇದೆ, ಪ್ಯಾಕೇಜಿನ ದರಪಟ್ಟಿ ಇದೆ. ಧೂಳು ಮಾಡಿದವನ ಹೆಸರು ಮಾತ್ರ ಇಲ್ಲ. ಅವನು ಸದ್ದಿಲ್ಲದೆ ಹೊರಗೆ ನಡೆದ. 2019ರಲ್ಲಿ ಇಎಸ್‌ಐಗೆ ಮಾಲೀಕರು ಕಟ್ಟುವ ಪಾಲನ್ನು ಸಂಬಳದ ನೂರಕ್ಕೆ 4.75ರಿಂದ 3.25ಕ್ಕೆ ಇಳಿಸಿದರು. ಕೆಲಸಗಾರನ ಪಾಲನ್ನೂ ಇಳಿಸಿದರು, ಆದ್ದರಿಂದ ಯಾರೂ ಗಲಾಟೆ ಮಾಡಲಿಲ್ಲ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆಂದು 1976ರ ಕಾಯ್ದೆಯಂತೆ ಬೀಡಿಯ ಮೇಲೆ ಬರುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂದ ಮೇಲೆ ತುಂಗಭದ್ರೆ ಕೆಡುತ್ತಿದೆ ಎಂದು 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯದವರೂ ದಂಡೆಯ ಹಳ್ಳಿಗಳವರೂ ಹೋರಾಡಿದರು. ಆ ನೀರು ಕುಡಿದು, ಆ ನೀರಲ್ಲಿ ಬಟ್ಟೆ ಒಗೆದು ಬದುಕಿದವರ ಕೈಯಲ್ಲೂ ಈವತ್ತು ಇದೇ ಕಾರ್ಡು ಇದೆ. ಕಾಯಿಲೆ ಎಲ್ಲಿಂದ ಬಂತು ಎಂದು ಕಾರ್ಡು ಕೇಳುವುದಿಲ್ಲ. ಯಾವ ಕೋಡ್ ಎಂದು ಮಾತ್ರ ಕೇಳುತ್ತದೆ.

ಅವ್ವ ಇದನ್ನು ‘ಕೊಟ್ಟದ್ದು’ ಅನ್ನುತ್ತಾಳಲ್ಲ, ಅದೂ ಪೂರ್ತಿ ನಿಜವಲ್ಲ. ಅವಳು ಕೊಳ್ಳುವ ಸೋಪು, ಬೆಂಕಿಪೊಟ್ಟಣ, ಚಪ್ಪಲಿ ಎಲ್ಲದರಲ್ಲೂ ತೆರಿಗೆ ಇದೆ. ಕಾರ್ಡಿನ ದುಡ್ಡು ಅಲ್ಲಿಂದಲೂ ಹೋದದ್ದು. ಆಸ್ಪತ್ರೆಗೆ ದಾನ ಕೊಟ್ಟವನ ಹೆಸರನ್ನು ಗೋಡೆಯ ಕಲ್ಲಿನಲ್ಲಿ ಕೆತ್ತುತ್ತಾರೆ, ಸೋಪಿನ ತೆರಿಗೆ ಕೊಟ್ಟವಳ ಹೆಸರನ್ನು ಎಲ್ಲೂ ಕೆತ್ತುವುದಿಲ್ಲ. ಅದರಿಂದಾಗಿ ಅವಳಿಗೇ ತಾನು ಕೊಟ್ಟದ್ದು ಮರೆತುಹೋಗಿದೆ.

ಇನ್ನೊಂದು ಸಾಲವೂ ಹೀಗೇ ಮರೆತುಹೋಗಿದೆ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಸುರುವಾಯಿತು, ಖಾಸಗಿ ಸಂಸ್ಥೆಯದು. ಅದರ ವಿದ್ಯಾರ್ಥಿಗಳ ಪೀಳಿಗೆ ಪೀಳಿಗೆ ರೋಗ ನೋಡಲು ಕಲಿತದ್ದು ಸರ್ಕಾರಿ ಚಿಗಟೇರಿ ಆಸ್ಪತ್ರೆಯ ವಾರ್ಡುಗಳಲ್ಲಿ. ಅಲ್ಲಿಂದ ಒಳ್ಳೊಳ್ಳೆಯ ಡಾಕ್ಟರುಗಳು ಬಂದಿದ್ದಾರೆ, ನಮ್ಮ ಮೀಸಲಾತಿಯ ಹುಡುಗರೂ ಬಂದಿದ್ದಾರೆ. ನಾನು ಕೇಳುವುದು ಬೇರೆ. ವಾರ್ಡಿನ ಹಾಸಿಗೆಯ ಮೇಲೆ ಮಲಗಿ, ಹತ್ತು ಹುಡುಗರು ಒಬ್ಬರಾದ ಮೇಲೊಬ್ಬರು ಹೊಟ್ಟೆ ಒತ್ತಿ ನೋಡಲು ಬಿಟ್ಟ ಕೂಲಿಯವಳು ಯಾರಿಗೆ ಗುರು, ಯಾರಿಗೆ ಸಾಲಗಾರಳು? ಅವಳ ಹೊಟ್ಟೆಯೇ ಪಠ್ಯಪುಸ್ತಕ. ಆ ಪುಸ್ತಕ ಓದಿ ಕಲಿತ ವಿದ್ಯೆಗೆ ಪೇಟೆಯಲ್ಲಿ ಬೆಲೆ ಕಟ್ಟಿದಾಗ ಪುಸ್ತಕಕ್ಕೆ ಪಾಲು ಎಲ್ಲಿ? 2020ರ ಜನವರಿಯಲ್ಲಿ ನೀತಿ ಆಯೋಗ ಜಿಲ್ಲಾ ಆಸ್ಪತ್ರೆಗಳನ್ನು ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಜೋಡಿಸಿ ನಡೆಸಲು ಕೊಡುವ ಒಂದು ಮಾದರಿ ಒಪ್ಪಂದವನ್ನೇ ಬರೆದು ಮುಂದಿಟ್ಟಿತು. ಅದರಲ್ಲಿ ಕೆಲವು ಹಾಸಿಗೆಗಳಿಗೆ ‘ಮಾರುಕಟ್ಟೆ ಹಾಸಿಗೆ’ ಎಂದೇ ಹೆಸರು. ಹಾಸಿಗೆಗೂ ಜಾತಿ ಬಂತು.

ದೇಹದ ಜತೆ ದುಡ್ಡು ಅಂಟಿಕೊಂಡರೆ ಏನಾಗುತ್ತದೆ ಎಂಬುದನ್ನು ಕಲಬುರಗಿಯ ತಾಂಡಾಗಳ ಹೆಂಗಸರು ಅನುಭವಿಸಿದ್ದಾರೆ. ಬಿಳಿಸೆರಗು, ಸೊಂಟನೋವು ಅಂತ ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದದ್ದನ್ನು 2015ರಲ್ಲಿ ಕರ್ನಾಟಕ ಜನಾರೋಗ್ಯ ಚಳವಳಿಯ ಗೆಳೆಯರು ಬೀದಿಗೆ ತಂದರು. ನಲವತ್ತು ದಾಟದವರು ಅವರಲ್ಲಿ ಬಹಳ. ಬೇಕಾದದ್ದು ಕೊಡದೆ ಸತಾಯಿಸುವುದು ಒಂದು ಪಾಪವಾದರೆ, ಬೇಡದ್ದನ್ನು ಮಾಡಿ ದುಡ್ಡೆಣಿಸುವುದು ಇನ್ನೊಂದು. ಎರಡೂ ಒಂದೇ ಅಂಗಡಿಯ ಸರಕು.

ಬೇಕಾದದ್ದಕ್ಕೆ ಪ್ಯಾಕೇಜೇ ಇಲ್ಲದಿರುವುದೂ ಉಂಟು. ದೊಡ್ಡವ್ವನ ಜಗಳೂರು ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಮಕ್ಕಳ ಹಲ್ಲು ಕಂದು, ಮುದುಕರ ಕಾಲು ಸೊಟ್ಟ, ಬೆನ್ನು ಬಿಲ್ಲು. ಬಿಲ್ಲಾದ ಬೆನ್ನನ್ನು ಯಾವ ಆಪರೇಷನ್ನೂ ನೆಟ್ಟಗೆ ಮಾಡುವುದಿಲ್ಲ. ಅದಕ್ಕೆ ಬೇಕಾದ್ದು ಇಪ್ಪತ್ತು ವರ್ಷದ ಹಿಂದೆ ಒಂದು ಕೊಡ ಒಳ್ಳೇ ನೀರು. ನೀರು ಮಾರಿ ಯಾವ ಆಸ್ಪತ್ರೆಯೂ ದರಪಟ್ಟಿಯ ದುಡ್ಡು ಪಡೆಯಲಾರದು. ಆದ್ದರಿಂದ ನೀರು ಯೋಜನೆಗಳ ಸಾಲಿನಲ್ಲಿ ಹಿಂದೆ ನಿಂತಿತು.

ಈ ಮಾತನ್ನೆಲ್ಲ ಹಾಸ್ಟೆಲಿನ ಒಂದು ಓದುಗುಂಪಿನಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ಕೇಳಿದ: “ಸಾರ್, ಸರ್ಕಾರಿ ಆಸ್ಪತ್ರೇಲಿ ನಮ್ಮನ್ನ ಮುಟ್ಟಿ ನೋಡಲ್ಲ. ದುಡ್ಡು ಕೊಟ್ರೆ ಪ್ರೈವೇಟಲ್ಲಿ ಜಾತಿ ಕೇಳಲ್ಲ, ‘ಬನ್ನಿ ಸಾರ್’ ಅಂತಾರೆ. ಸರ್ಕಾರ ನಮ್ ಪರವಾಗಿ ದುಡ್ಡು ಕೊಟ್ರೆ ತಪ್ಪೇನು?” ನಾನು ತಟ್ಟನೆ ಉತ್ತರ ಕೊಡಲಿಲ್ಲ. ಅವನ ಮಾತಿನಲ್ಲಿ ನಮ್ಮ ಅಪ್ಪ ಅವ್ವಂದಿರು ಅನುಭವಿಸಿದ ಅವಮಾನ ಇತ್ತು. ಹಳೇ ಸರ್ಕಾರಿ ಆಸ್ಪತ್ರೆಯನ್ನು ನೆನೆದು ಕಣ್ಣೀರು ಹಾಕುವ ಪ್ರಗತಿಪರರಿಗೆ ಆ ಅವಮಾನ ಗೊತ್ತಿಲ್ಲ. ಆದರೂ ‘ಬನ್ನಿ ಸಾರ್’ ಎಂಬ ಮರ್ಯಾದೆ ದುಡ್ಡಿಗೆ ಸಿಕ್ಕದ್ದು, ದುಡ್ಡು ಇರುವ ತನಕ ಇರುವುದು. 5 ಲಕ್ಷದ ಗೆರೆ ದಾಟಿದ ದಿನ, ಕಾಯಿಲೆ ಪಟ್ಟಿಯಲ್ಲಿ ಇಲ್ಲದ ದಿನ ಆ ‘ಸಾರ್’ ಉದುರಿಬೀಳುತ್ತದೆ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಲಗಾಮು ಹಾಕುವ ತಿದ್ದುಪಡಿಗೆ ವಿರೋಧವಾಗಿ ರಾಜ್ಯದ ಖಾಸಗಿ ವೈದ್ಯರು ಬಾಗಿಲು ಹಾಕಿದರು. ಮಸೂದೆಯನ್ನು ಸಡಿಲ ಮಾಡಿಯೇ ಪಾಸು ಮಾಡಬೇಕಾಯಿತು. ಮರ್ಯಾದೆ ಕೊಡುವವನ ಕೈಯಲ್ಲೇ ಬಾಗಿಲಿನ ಕೀಲಿಯೂ ಇದ್ದರೆ ಅದನ್ನು ಮರ್ಯಾದೆ ಎನ್ನಬಹುದೇ?

ಆ ಹುಡುಗನಿಗೆ ನಾನು ಹೇಳಿದ್ದು ಹಕೀಂ ಶೇಖ್ ಕಥೆ. 1992ರ ಜುಲೈನಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಯವನು. ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆ ಇಲ್ಲ ಎಂದು ಕಳಿಸಿದವು, ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಸುರಿದು ಉಳಿದ. ಅವನ ಜತೆ ಕೋರ್ಟಿಗೆ ಹೋದದ್ದು ಖೇತ್ ಮಜ್ದೂರ್ ಸಮಿತಿ, ಹೊಲದ ಕೂಲಿಕಾರರ ಸಂಘ. ದುಡ್ಡಿಲ್ಲ ಎಂಬುದು ಸರ್ಕಾರ ಹೇಳಬಹುದಾದ ನೆಪವಲ್ಲ, ತುರ್ತು ಚಿಕಿತ್ಸೆ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ವಿಶ್ವಬ್ಯಾಂಕಿನ ಸಾಲ ನಮ್ಮ ರಾಜ್ಯಕ್ಕೆ ಬಂದ ಅದೇ ವರ್ಷ! ಸಾಲ ನೆನಪಿಟ್ಟವರು ತೀರ್ಪು ನೆನಪಿಡಲಿಲ್ಲ. ಆ ಕೂಲಿಕಾರರು ಪ್ರತ್ಯೇಕ ಕಾರ್ಡು ಕೇಳಿರಲಿಲ್ಲ ಎಂಬುದನ್ನು ಹುಡುಗ ಗಮನಿಸಿದ. ಅವನಿಗೆ ಪೂರ್ತಿ ಒಪ್ಪಿಗೆಯಾಯಿತು ಎಂದು ನಾನು ಹೇಳಲಾರೆ.

ಮೇಷ್ಟ್ರೇ, ನಿಮ್ಮನ್ನೂ ಒಂದು ಮಾತು ಕೇಳಬೇಕು. ಸರ್ಕಾರಿ ನೌಕರರಾದ ನಿಮಗೆ ಜ್ಯೋತಿ ಸಂಜೀವಿನಿ ಬಂತು, ಅದು ನಿಮ್ಮ ಸೇವೆಯ ಹಕ್ಕು ಎಂದು ನೀವು ಪಡೆದಿರಿ, ಸರಿಯೇ. ನಿಮ್ಮ ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ಅತಿಥಿ ಶಿಕ್ಷಕಿಗೆ ಏನಿದೆ? ಹಳ್ಳಿಯ ಪ್ರತಿ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಆಶಾ ಅಕ್ಕಂದಿರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಬೇಕಾಯಿತು, ತಿಂಗಳಿಗೆ ಒಂದು ಗಟ್ಟಿ ಗೌರವಧನ ಕೇಳಲು. ಊರಿನ ಆರೋಗ್ಯ ಹೊತ್ತವಳನ್ನು ಸರ್ಕಾರ ‘ಸ್ವಯಂಸೇವಕಿ’ ಎಂದು ಕರೆಯುತ್ತದೆ. ಜೀತಕ್ಕೆ ಹೊಸ ಹೆಸರುಗಳು ಬಹಳ ಚೆನ್ನಾಗಿರುತ್ತವೆ.

ಒಂದು ಕೆಲಸ ಇದೆ, ಇದಕ್ಕೆ ದುಡ್ಡು ಬೇಡ. ಒಂದು ನೋಟ್‌ಬುಕ್ ತಗೊಂಡು ಕೇರಿಯ ಪ್ರತಿ ಮನೆಯಲ್ಲಿ ಒಂದು ತಿಂಗಳ ಕಾಯಿಲೆಯ ಲೆಕ್ಕ ಬರೆಯೋಣ. ಎಷ್ಟು ಖರ್ಚಾಯಿತು, ಆ ದುಡ್ಡು ಎಲ್ಲಿಂದ ಬಂತು. ಇವೆರಡನ್ನು ಸರ್ವೆಯವರೂ ಕೇಳುತ್ತಾರೆ. ನಾವು ಮೂರನೇ ಕಾಲಮ್ಮು ಹಾಕೋಣ: ಈ ಕಾಯಿಲೆ ಯಾವ ಕೆಲಸದಿಂದ, ಯಾವ ನೀರಿನಿಂದ, ಯಾವ ಹೊಗೆಯಿಂದ ಬಂತು ಅಂತ ಮನೆಯವರು ತಿಳಿದಿದ್ದಾರೆ. ಡಾಕ್ಟರು ಒಪ್ಪಲಿ ಬಿಡಲಿ, ಅವರು ಹೇಳಿದ ಹಾಗೇ ಬರೆಯೋಣ. ಗ್ರಾಮಸಭೆಗೆ, ವಾರ್ಡ್ ಸಭೆಗೆ ಆ ಪುಸ್ತಕ ಒಯ್ಯೋಣ.

ಮೊನ್ನೆ ನಾನು ನಮ್ಮ ಮನೆಯಿಂದಲೇ ಸುರು ಮಾಡಿದೆ. ಅವ್ವ ಮೊರದಲ್ಲಿ ಅಕ್ಕಿ ಕೇರುತ್ತ ಕೂತಿದ್ದಳು. ಕೆಮ್ಮಿನ ಔಷಧಿ 240, ಇನ್‌ಹೇಲರ್ 310, ಆಟೋ 120 ಎಂದು ಬರೆದುಕೊಂಡೆ. ಮೂರನೇ ಕಾಲಮ್ಮಿಗೆ ಬಂದೆ.

“ಭಟ್ಟಿ ಹೊಗಿ ಅಂತ ಬರ್ಕ. ಮೂವತ್ತು ವರ್ಸ ಅಂತನೂ ಬರ್ಕ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮಪ್ಪಂದೂ ಬರಿ” ಅಂದಳು.

“ಅಪ್ಪ ಹೋಗಿ ಎಷ್ಟು ವರ್ಷ ಆತವ್ವ. ಇದು ಈ ತಿಂಗಳ ಲೆಕ್ಕ.”

ಅವಳು ಮೊರ ಕೆಳಗಿಟ್ಟಳು. “ಅವಂದು ಸಾಲ ತೀರೈತೇನು? ಬರಿ.”